ಸಿಮ್ಮು ಯಾರ ಹೆಸರಲ್ಲಿದೆ, ನೋಡಮ್ಮ

ಆಂಧ್ರದ ನಮ್ಮ ಬ್ರಹ್ಮಸಮುದ್ರದ ಕಡೆ ಹೆಣ್ಣು ಕೊಡುವುದಕ್ಕೂ ತರುವುದಕ್ಕೂ ಗಡಿ ಎಂದೂ ಅಡ್ಡ ಬಂದಿದ್ದಿಲ್ಲ. ತವರು ಇಲ್ಲಿ, ಅತ್ತೆಮನೆ ಕರ್ನಾಟಕದ ಪಾವಗಡದಲ್ಲೋ ಚಳ್ಳಕೆರೆಯಲ್ಲೋ. ಸಂಸಾರ ಮುರಿದಾಗ ಬಂಗಾರ, ಬೀರು, ಪಾತ್ರೆ ಎಲ್ಲದರ ಪಟ್ಟಿ ಬರೆಸುತ್ತಾರೆ. ಫೋನಿನೊಳಗಿನ ಖಾಸಗಿ ಫೋಟೋಗಳ ಮಾತು ಯಾರೂ ಎತ್ತುವುದಿಲ್ಲ. ಅದು ನಿನಗೊಬ್ಬಳಿಗೇ ನೆನಪಾಗಿ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ.

ಗಂಡನೆಂಬ ನಂಬಿಕೆಯಿಂದ ತೆಗೆಸಿಕೊಂಡ ಫೋಟೋ ಅದು, ತಪ್ಪು ಮಾಡಿದೆನೆಂದು ಕೊರಗಬೇಡ. ತೆಗೆಯಲು ಒಪ್ಪಿದವಳು ಹಂಚಲೂ ಒಪ್ಪಿದಳೆಂದು ಅರ್ಥವಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಗಂಡಹೆಂಡತಿ ಕೂಡಿದ ವಿಡಿಯೋ ಹರಿಯಬಿಟ್ಟರೆ ಐಟಿ ಕಾಯ್ದೆಯ 67ಎ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. 2025ರಲ್ಲಿ ಇಂಥದೇ ಕೇಸಿನಲ್ಲಿ ಸಿಕ್ಕಿದವನೊಬ್ಬ ಅಲಹಾಬಾದ್ ಹೈಕೋರ್ಟಿಗೆ ಹೋಗಿ, ಅವಳು ನಾನು ತಾಳಿ ಕಟ್ಟಿದ ಹೆಂಡತಿಯಲ್ಲವೇ ಎಂದು ವಾದಿಸಿದ. ಮದುವೆಯಾದ ಮಾತ್ರಕ್ಕೆ ಅವಳ ಮೈಗೆ ನೀನು ಒಡೆಯನಲ್ಲ ಎಂದ ಕೋರ್ಟು ಕೇಸು ರದ್ದು ಮಾಡಲು ಒಪ್ಪಲಿಲ್ಲ.

ಈಗ ಕೈಯಲ್ಲಿರುವ ಕೆಲಸ. ನಿನ್ನ ಸಿಮ್ಮು ಯಾರ ಹೆಸರಲ್ಲಿದೆ? ಎಷ್ಟೋ ಹೆಣ್ಣುಮಕ್ಕಳ ಸಿಮ್ಮು ಗಂಡನ ಆಧಾರ್ ಮೇಲಿರುತ್ತದೆ. ಅವನು ಡೂಪ್ಲಿಕೇಟ್ ತೆಗೆಸಿಕೊಂಡರೆ ಓಟಿಪಿ ಅವನ ಕೈಗೇ ಹೋಗುತ್ತದೆ. ಆಮೇಲೆ ಪಾಸ್‌ವರ್ಡ್ ಎಷ್ಟು ಬದಲಿಸಿದರೂ ನೀರಿನಲ್ಲಿ ಹೋಮ ಮಾಡಿದ ಹಾಗೆ. ಮೊದಲು ನಿನ್ನ ಹೆಸರಲ್ಲೇ ನಂಬರು ಮಾಡಿಸು. ಜೀಮೇಲಿಗೆ ಆ ನಂಬರು ಕೊಟ್ಟು ಪಾಸ್‌ವರ್ಡ್ ಬದಲಿಸು. ಗೂಗಲ್ ಫೋಟೋಸ್ ಇರುವುದೂ ಅದೇ ಖಾತೆಯಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ನಿನ್ನದಲ್ಲದ್ದು ಕಂಡರೆ ತೆಗೆದುಹಾಕು. ಹಳೇ ಫೋನನ್ನು ಆ ಮನೆಯಲ್ಲೇ ಬಿಟ್ಟು ಬಂದಿದ್ದರೆ ಅದರಿಂದಲೂ ಲಾಗೌಟ್ ಆಗು.

ಬೆದರಿಕೆಯ ಮೆಸೇಜು ಬಂದರೆ ನಾಚಿಕೆಗೆ ಅಳಿಸಿಬಿಡಬೇಡ. ನಂಬರು, ತಾರೀಖು, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡು. ಆದರೆ ಸಾಕ್ಷಿ ತೋರಿಸುವ ಭರದಲ್ಲಿ ಆ ಫೋಟೋವನ್ನು ಪಂಚಾಯ್ತಿ ಹಿರಿಯರಿಗಾಗಲಿ ಅಣ್ಣತಮ್ಮಂದಿರಿಗಾಗಲಿ ಕಳಿಸಬೇಡ. ಎಷ್ಟು ಒಳ್ಳೆಯವರಾದರೂ ಅವರ ಫೋನು ಇನ್ನೊಬ್ಬರ ಕೈಗೆ ಹೋಗುತ್ತದೆ.

ಜೀವನಾಂಶ ಬಿಟ್ಟುಕೊಡು, ಫೋಟೋ ಅಳಿಸುತ್ತೇನೆ ಎಂದು ಚೌಕಾಸಿಗೆ ಕೂತರೆ ಒಪ್ಪಲೇಬೇಡ. ನಿನ್ನೆದುರು ಅಳಿಸಿದ್ದು ಇನ್ನೊಂದು ಕಡೆ ಉಳಿದಿರಬಹುದು. ಬಿಟ್ಟುಕೊಟ್ಟ ಹಕ್ಕು ಮಾತ್ರ ಸುಲಭಕ್ಕೆ ತಿರುಗಿ ಬರುವುದಿಲ್ಲ. ಇಬ್ಬರೂ ಒಪ್ಪಿ ಬಿಡುಗಡೆ ಪಡೆಯುವುದಾದರೆ, ಯಾವ ಪ್ರತಿಯನ್ನೂ ಇಟ್ಟುಕೊಳ್ಳುವುದಿಲ್ಲ, ಯಾರಿಗೂ ಕೊಡುವುದಿಲ್ಲ ಎಂಬ ಷರತ್ತನ್ನು ಅರ್ಜಿಯಲ್ಲೇ ಬರೆಸು. ಕೋರ್ಟಿನಲ್ಲಿ ಎಲ್ಲರೆದುರು ಮಾನ ಹೋಗುತ್ತದೆಂದು ಅಂಜಬೇಡ. ಹಿಂದೂ ವಿವಾಹ ಕಾಯ್ದೆಯ ಕೇಸುಗಳ ವಿಚಾರಣೆ ನಡೆಯಬೇಕಾದ್ದು ಮುಚ್ಚಿದ ಬಾಗಿಲೊಳಗೆ.

ಗಂಡ ಕರ್ನಾಟಕದವನು, ಅಲ್ಲೇ ಹೋಗಿ ದೂರು ಕೊಡು ಎಂದು ಠಾಣೆಯಲ್ಲಿ ಸಾಗಹಾಕಲು ನೋಡಿದರೆ ಝೀರೋ ಎಫ್‌ಐಆರ್ ಕೇಳು. ಎಲ್ಲಿ ನಡೆದದ್ದಾದರೂ ಇಲ್ಲೇ ಬರೆದುಕೊಳ್ಳಬೇಕು. ಫೋಟೋ ಜಾಲತಾಣಕ್ಕೆ ಬಂದೇಬಿಟ್ಟಿದ್ದರೆ ಆ ಕಂಪನಿಗೂ ಅದೇ ದಿನ ದೂರು ಹಾಕು. ನೀನು ದೂರಿದ ಮೇಲೆ ಅದನ್ನು ಎರಡು ಗಂಟೆಗಿಂತ ಹೆಚ್ಚು ಉಳಿಸಿಕೊಳ್ಳಲು ನಿಯಮ ಬಿಡುವುದಿಲ್ಲ. ವಕೀಲರಿಗೆ ದುಡ್ಡಿಲ್ಲವೆಂಬ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, 15100ಕ್ಕೆ ಫೋನ್ ಮಾಡು. ಒಬ್ಬಳೇ ಹೋಗಲು ಅಂಜಿಕೆಯಾದರೆ ಹೇಳು ತಾಯಿ, ಕಲ್ಯಾಣದುರ್ಗದ ಬಸ್ಸಿಗೆ ನಾನೂ ಬರುತ್ತೇನೆ.