ಸಣ್ಣ ಟ್ರ್ಯಾಕ್ಟರಿಗೆ ರೋಟಾವೇಟರ್ ಆರಿಸುವಾಗ

ಮೊದಲ ಸಲ ಸಣ್ಣ ಟ್ರ್ಯಾಕ್ಟರ್ ಕೊಳ್ಳಲು ಹೋದವರು ಶೋರೂಮಿನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಇದಕ್ಕ ಎಷ್ಟ್ ಫೂಟಿನ ರೋಟಾವೇಟರ್ ಕುಂದ್ರತೈತ್ರಿ?" ಮಾರುವವರ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆ ಉತ್ತರ ತಪ್ಪೇನಲ್ಲ. ಆದರೆ ಅದು ಟ್ರ್ಯಾಕ್ಟರ್ ನೋಡಿ ಹೇಳಿದ್ದು, ನಿಮ್ಮ ಹೊಲ ನೋಡಿ ಹೇಳಿದ್ದಲ್ಲ. ರನ್ನ ಬೆಳಗಲಿಯಂಥ ಕಬ್ಬಿನ ಊರಿನಲ್ಲಿ ಲೆಕ್ಕ ಹೊಲದಿಂದಲೇ ಶುರುವಾಗಬೇಕು. ಮೊದಲು ಕಬ್ಬಿನ ಸಾಲು, ಆಮೇಲೆ ಟ್ರ್ಯಾಕ್ಟರಿನ ಅಗಲ, ಕೊನೆಗೆ ಯಂತ್ರ.

ರನ್ನ ಬೆಳಗಲಿ ಮುಧೋಳ ತಾಲ್ಲೂಕಿನ ಊರು. ಕ್ರಿ.ಶ. 949ರಲ್ಲಿ ಇಲ್ಲಿ ಹುಟ್ಟಿದ ಕವಿ ರನ್ನನದು ಬಳೆಗಾರರ ಮನೆತನ. ಈಗ ಸುತ್ತಲಿನ ಸೀಮೆಯ ದುಡಿಮೆಯೆಲ್ಲ ಕಬ್ಬಿನ ಬೆನ್ನು ಹತ್ತಿದೆ. ಘಟಪ್ರಭೆಯ ನೀರು, ಎರಿ ಮಣ್ಣು, ಮುಧೋಳ, ತಿಮ್ಮಾಪುರ, ಸಮೀರವಾಡಿಯ ಸಕ್ಕರೆ ಕಾರ್ಖಾನೆಗಳು, ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರದ ಪೇಟೆ. ಇಷ್ಟೆಲ್ಲ ಒಂದೇ ಕಡೆ ಕೂಡಿದ ಮೇಲೆ ಎತ್ತಿನ ಕುಂಟೆ ಆಡುತ್ತಿದ್ದ ಸಾಲಿನಲ್ಲಿ ಮಿನಿ ಟ್ರ್ಯಾಕ್ಟರ್ ಬಂದು ನಿಂತದ್ದರಲ್ಲಿ ಸೋಜಿಗವಿಲ್ಲ. ಒಂದು ಜೋಡಿ ಎತ್ತು ಕಟ್ಟಿ ಸಾಕುವ ಖರ್ಚು, ಕಳೆ ತೆಗೆಯಲು ಆಳು ಸಿಗದ ಪರದಾಟ, ಇವೆರಡೂ ಸೇರಿ ಹದಿನೈದರಿಂದ ಇಪ್ಪತ್ತೆಂಟು ಎಚ್‌ಪಿಯ ಗಾಡಿಗಳಿಗೆ ದಾರಿ ಮಾಡಿಕೊಟ್ಟವು. ಮಹೀಂದ್ರಾದ ಯುವರಾಜ್, ಜೀವೋ, ಕುಬೋಟಾದ ನಿಯೋಸ್ಟಾರ್, ವಿಎಸ್‌ಟಿಯ ಶಕ್ತಿ, ಇವೆಲ್ಲ ಆ ಅಳತೆಯವು.

ಈಗ ಒಂದು ಟೇಪು ಹಿಡಿದು ಹೊಲಕ್ಕೆ ಬನ್ನಿ.

ಸಾಲಿನಿಂದ ಸಾಲಿಗೆ ಐದು ಅಡಿ ಬಿಟ್ಟು ನೆಟ್ಟಿದ್ದೀರಿ ಎಂದುಕೊಳ್ಳೋಣ. ಐದು ಅಡಿ ಎಂದರೆ 152 ಸೆಂಟಿಮೀಟರ್. ಇದು ನಾಟಿ ಮಾಡಿದ ದಿನದ ಅಳತೆ, ನಟ್ಟನಡುವಿನಿಂದ ನಟ್ಟನಡುವಿಗೆ. ಕಬ್ಬು ಮರಿ ಒಡೆದು ಗುಂಪು ಕಟ್ಟಿದ ಮೇಲೆ ಪ್ರತಿ ಸಾಲೂ ಒಂದು ಅಡಿ ಜಾಗ ತಿನ್ನುತ್ತದೆ. ಉಳಿದದ್ದು ನಾಲ್ಕು ಅಡಿ, 122 ಸೆಂಟಿಮೀಟರ್. ಬುಡದ ಬೇರಿಗೆ ಏಟು ಬೀಳಬಾರದೆಂದು ಎರಡೂ ಬದಿಗೆ ನಾಲ್ಕು ನಾಲ್ಕು ಇಂಚು ಬಿಟ್ಟರೆ ಕೈಯಲ್ಲಿ ಉಳಿಯುವುದು ಒಂದು ಮೀಟರಿಗಿಂತ ಎರಡು ಸೆಂಟಿಮೀಟರ್ ಜಾಸ್ತಿ. ಸಾಲಿನಲ್ಲಿ ಆಡುವ ಟ್ರ್ಯಾಕ್ಟರುಗಳ ಅಗಲ, ಒಂದೊಂದು ಮಾದರಿಗೆ ಒಂದಿಷ್ಟು ಹೆಚ್ಚುಕಡಿಮೆಯಾದರೂ, ಸುಮಾರು ಒಂದು ಮೀಟರೇ. ಅಂದರೆ ಐದು ಅಡಿ ಸಾಲಿನಲ್ಲಿಯೂ ಗಾಡಿ ಬಿಗಿಯಾಗಿಯೇ ಹಾಯುತ್ತದೆ. ನಾಲ್ಕು ಅಡಿ ಸಾಲಾದರೆ ಮರಿ ಹರಡುವ ಮುಂಚಿನ ಕೆಲವೇ ವಾರ ಒಳಗೆ ಹೋಗಬಹುದು. ಹಳೆಯ ಪದ್ಧತಿಯ ಮೂರು ಅಡಿ ಸಾಲಿಗೆ ಈ ಗಾಡಿ ಬೇಡವೇ ಬೇಡ. ಅಲ್ಲಿ ಕೈಯಲ್ಲಿ ಹಿಡಿದು ನಡೆಸುವ ಪವರ್ ವೀಡರ್ ಸಾಕು.

ಎಷ್ಟೋ ಮಂದಿ ಈ ಲೆಕ್ಕವನ್ನು ತಿರುವಿ ಹಾಕುತ್ತಾರೆ. ಮೊದಲು ಟ್ರ್ಯಾಕ್ಟರ್ ತಂದು, ಅದು ಸಾಲಿನಲ್ಲಿ ಹಿಡಿಯದೆ ಹೋದಾಗ ಮುಂದಿನ ವರ್ಷದ ನಾಟಿಯನ್ನು ಗಾಡಿಗೆ ತಕ್ಕಂತೆ ಬದಲಿಸುತ್ತಾರೆ. ಹಾಗೆ ಮಾಡಿದರೂ ನಷ್ಟವಿಲ್ಲ ಎನ್ನಿ. ಅಗಲ ಸಾಲಿಗೆ ಗಾಳಿ ಬೆಳಕು ಚೆನ್ನಾಗಿ ಸಿಗುತ್ತದೆ, ಕಟಾವು ಯಂತ್ರಕ್ಕೂ ಅಷ್ಟು ಅಂತರ ಬೇಕೇ ಬೇಕು. ಆದರೆ ನಿಂತ ಕುಳೆ ಕಬ್ಬು ಇನ್ನೂ ಎರಡು ವರ್ಷ ಹೊಲದಲ್ಲಿರುವಾಗ ಹೊಸ ಗಾಡಿ ಅಂಗಳದಲ್ಲಿ ನಿಂತಿರುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇನ್ನು ಶಕ್ತಿಯ ಮಾತು. ಬಾನೆಟ್ಟಿನ ಮೇಲೆ ಬರೆದ 24 ಎಚ್‌ಪಿ ಎಂಜಿನ್ನಿನದು. ರೋಟಾವೇಟರ್ ತಿರುಗುವುದು ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಹೊರಗೆ ಚಾಚಿರುವ ಹಲ್ಲಿನ ಶಾಫ್ಟಿನಿಂದ, ಅಂದರೆ ಪಿಟಿಒದಿಂದ. ಗೇರುಗಳ ಮೂಲಕ ಹಾದು ಅಲ್ಲಿಗೆ ಬರುವ ಹೊತ್ತಿಗೆ ಶಕ್ತಿಯಲ್ಲಿ ಹತ್ತಕ್ಕೆ ಒಂದೆರಡು ಪಾಲು ಸೋರಿ ಹೋಗಿರುತ್ತದೆ. ಆದ್ದರಿಂದ ಕೊಳ್ಳುವಾಗ "ಪಿಟಿಒ ಎಚ್‌ಪಿ ಎಷ್ಟು?" ಎಂದು ಬಿಡಿಸಿ ಕೇಳಿ. ಮಾಹಿತಿ ಹಾಳೆಯಲ್ಲಿ ಅದು ಇದ್ದೇ ಇರುತ್ತದೆ, ಬರೀ ದಪ್ಪ ಅಕ್ಷರದಲ್ಲಿ ಇರುವುದಿಲ್ಲ. ಅಂದಾಜಿಗೆ ಹೇಳುವುದಾದರೆ ಎಂಜಿನ್ನಿನ ಲೆಕ್ಕದಲ್ಲಿ ಯಂತ್ರದ ಒಂದೊಂದು ಅಡಿ ಅಗಲಕ್ಕೆ ಎಂಟು ಎಚ್‌ಪಿ. ಐದು ಅಡಿಯದಕ್ಕೆ ನಲವತ್ತು, ಮೂರು ಅಡಿಯದಕ್ಕೆ ಇಪ್ಪತ್ತನಾಲ್ಕು. ಹದಿನೈದು ಎಚ್‌ಪಿಯ ಗಾಡಿಗೆ ಎರಡು ಅಡಿಗೂ ತುಸು ಕಡಿಮೆ. ಮಸಾರಿ ಹೊಲದಲ್ಲಿ ಇದಕ್ಕಿಂತ ಒಂದಿಷ್ಟು ಸಲೀಸು, ಎರಿ ಹೊಲದಲ್ಲಿ ಒಂದಿಷ್ಟು ಕಷ್ಟ.

ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಬೇಕು ಎಂಬುದು ಜಗತ್ತಿಗೆಲ್ಲ ಒಂದೇ ಅಳತೆ. ಶಾಫ್ಟಿಗೆ ಆರು ಹಲ್ಲು, ಸುಮಾರು 35 ಮಿಲಿಮೀಟರ್ ದಪ್ಪ. ಈ ಒಪ್ಪಂದ ಇರುವುದರಿಂದಲೇ ಯಾವುದೋ ಕಂಪನಿಯ ಗಾಡಿಗೆ ಇನ್ಯಾವುದೋ ಕಂಪನಿಯ ಯಂತ್ರ ಕೂಡುತ್ತದೆ. ಕೆನಡಾದಲ್ಲೋ ಉತ್ತರ ಜಪಾನಿನಲ್ಲೋ ಚಳಿಗಾಲದಲ್ಲಿ ಗಾಜಿನ ಕ್ಯಾಬಿನ್ನಿನ ಇದೇ ಗಾತ್ರದ ಟ್ರ್ಯಾಕ್ಟರಿಗೆ ಹಿಮ ಎತ್ತಿ ಎಸೆಯುವ ಯಂತ್ರ ಹೂಡುತ್ತಾರೆ. ಹಿಂದೆ ಹೂಡುವಂಥದ್ದು ತಿರುಗುವುದೂ ಇದೇ 540ರ ಶಾಫ್ಟಿನಿಂದ. ಅಲ್ಲಿಯವರೂ ನಮ್ಮ ಹಾಗೇ ಪಿಟಿಒ ಎಚ್‌ಪಿ ಕೇಳುತ್ತಾರೆ, ಚಕ್ರದ ಅಗಲಕ್ಕಿಂತ ಯಂತ್ರ ಅಗಲವಿದೆಯೇ ಎಂದು ಅಳೆಯುತ್ತಾರೆ. ಹಿಮಕ್ಕೆ ಆ ಎರಡನೆಯ ನಿಯಮ ಕಡ್ಡಾಯ, ಯಂತ್ರ ಕಿರಿದಾದರೆ ಚಕ್ರ ಹಿಮದಲ್ಲಿ ಹೂತುಹೋಗುತ್ತದೆ. ನಮ್ಮ ಕಬ್ಬಿನಲ್ಲಿ ಸಮಸ್ಯೆ ತಿರುಗಾಮುರುಗಾ.

ಏಕೆಂದರೆ ಸಾಲಿನ ನಡುವೆ ಕಳೆ ಹೊಡೆಯಲು ಯಂತ್ರ ಕಿರಿದಾಗಿರಬೇಕು. ಬರಿ ಹೊಲ ಹದ ಮಾಡುವಾಗ ಅಗಲವಾಗಿರಬೇಕು, ಇಲ್ಲದಿದ್ದರೆ ಸಡಿಲಾದ ಮಣ್ಣಿನ ಮೇಲೆ ಚಕ್ರದ ಗುರುತು ಗಟ್ಟಿ ಪಟ್ಟಿಯಾಗಿ ಉಳಿಯುತ್ತದೆ. ಒಂದೇ ಯಂತ್ರ ಎರಡನ್ನೂ ಪೂರಾ ಮಾಡುವುದಿಲ್ಲ. ಹೊಸಬರಿಗೆ ನನ್ನ ಸಲಹೆ ಇಷ್ಟೆ: ಸಣ್ಣ ಟ್ರ್ಯಾಕ್ಟರನ್ನು ಸಾಲಿನ ಕೆಲಸಕ್ಕೆಂದೇ ಕೊಳ್ಳಿ, ಯಂತ್ರವನ್ನೂ ಸಾಲಿನ ಅಳತೆಗೇ ತನ್ನಿ. ಬರಿ ಹೊಲದ ಕೆಲಸಕ್ಕೆ ವರ್ಷಕ್ಕೊಮ್ಮೆ ದೊಡ್ಡ ಗಾಡಿ ಬಾಡಿಗೆಗೆ ಕರೆಯಿರಿ. ಹೇಗೂ ಅದನ್ನು ಕರೆಯಲೇಬೇಕು. ರೋಟಾವೇಟರ್ ನಾಲ್ಕರಿಂದ ಆರು ಇಂಚು ಆಳದಲ್ಲೇ ಆಡುತ್ತದೆ. ವರ್ಷ ವರ್ಷ ಅದೊಂದನ್ನೇ ಹೊಡೆದರೆ ಮೇಲಿನ ಮಣ್ಣು ಹಿಟ್ಟಾಗಿ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ, ಎರಿ ಮಣ್ಣಿನಲ್ಲಿ ನೀರು ಇಂಗದೆ ನಿಲ್ಲುತ್ತದೆ. ಆ ಪದರ ಒಡೆಯಲು ಪಲ್ಟಿ ನೇಗಿಲು ಬೇಕು, ಅದನ್ನೆಳೆಯುವ ಕಸುವು ಸಣ್ಣ ಗಾಡಿಗಿಲ್ಲ. ಎರಡೂ ಕೆಲಸ ಒಂದರಲ್ಲೇ ಆಗಬೇಕೆಂಬ ಹಟವಿದ್ದರೆ, ಪಕ್ಕಕ್ಕೆ ಸರಿಸಿ ಜೋಡಿಸಬಹುದಾದ ಮಾದರಿ ನೋಡಿ. ಒಂದು ಬದಿಯ ಚಕ್ರದ ಗುರುತಾದರೂ ಅಳಿಯುತ್ತದೆ.

ಬ್ಲೇಡು. ಬಾಗಿ ಎಲ್ ಅಕ್ಷರದಂತಿರುವ ಬ್ಲೇಡು ಒಣ ಹೊಲಕ್ಕೆ, ಕಸಕಡ್ಡಿ ಇರುವಲ್ಲಿಗೆ. ಸಿ ಅಕ್ಷರದಂತೆ ದುಂಡಗೆ ಬಾಗಿದ್ದು ಹಸಿ, ಅಂಟು ಮಣ್ಣಿಗೆ. ಕಬ್ಬಿನವರು ಸಾಮಾನ್ಯವಾಗಿ ಎಲ್ ತರದ್ದನ್ನೇ ಹಾಕಿಸುತ್ತಾರೆ, ಅದೇ ಸರಿ. ಎರಿ ಮಣ್ಣು ತೀರ ಹಸಿ ಇದ್ದಾಗ ಯಾವ ಬ್ಲೇಡಿದ್ದರೂ ರೋಟರಿಗೆ ಮೆತ್ತಿಕೊಂಡು ಉಂಡೆ ಕಟ್ಟುತ್ತದೆ. ಬಿರುಕು ಬಿಟ್ಟು ಒಣಗಿದಾಗ ಕಲ್ಲಿನ ಮೇಲೆ ಆಡಿದಂತೆ ಕುಣಿಯುತ್ತದೆ. ನೀರು ಹಾಯಿಸಿದ ಎಷ್ಟನೆಯ ದಿನಕ್ಕೆ ನಿಮ್ಮ ಹೊಲ ಹದಕ್ಕೆ ಬರುತ್ತದೆ ಎನ್ನುವುದನ್ನು ಯಾವ ಕಂಪನಿಯ ಪುಸ್ತಕವೂ ಹೇಳದು, ಎತ್ತು ಹೂಡಿ ಗೊತ್ತಿರುವ ಮನೆಯ ಹಿರಿಯರನ್ನು ಕೇಳಿ.

ರವದಿಯ, ಅಂದರೆ ಕಬ್ಬಿನ ಒಣಗಿದ ಎಲೆಯ, ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಕಟಾವಾದ ಎಕರೆಯಲ್ಲಿ ಮೂರು ನಾಲ್ಕು ಟನ್ ರವದಿ ಬಿದ್ದಿರುತ್ತದೆ. ಬೆಂಕಿ ಇಟ್ಟರೆ ಒಂದು ಗಳಿಗೆಯ ಕೆಲಸ, ಆದರೆ ಮಣ್ಣಿಗೆ ಸೇರಬೇಕಾದ ಸಾರ ಹೊಗೆಯಾಗಿ ಹೋಗುತ್ತದೆ, ಕೆಲವೊಮ್ಮೆ ಪಕ್ಕದವರ ನಿಂತ ಕಬ್ಬೂ ಅದರೊಂದಿಗೇ ಹೋಗುತ್ತದೆ. ಬೆಂಕಿ ಬೇಡವೆಂದವರು ಹೊಸ ರೋಟಾವೇಟರನ್ನು ನೇರ ರವದಿಯ ಮೇಲೇ ಬಿಡುತ್ತಾರೆ. ಹತ್ತು ಮಾರು ಹೋಗುವಷ್ಟರಲ್ಲಿ ಉದ್ದ ಎಲೆಗಳು ರೋಟರಿಗೆ ಹಗ್ಗದಂತೆ ಸುತ್ತಿ, ಬೇರಿಂಗಿನ ಸಂದಿಗೆ ನುಗ್ಗಿ, ಸೀಲು ಕಿತ್ತು, ಎಣ್ಣೆ ಸೋರಲು ಶುರು. ರೋಟಾವೇಟರಿನ ರೋಟರ್ ನಿಮಿಷಕ್ಕೆ ಇನ್ನೂರು ಸುತ್ತಿನ ಆಸುಪಾಸಿನದು, ಮಣ್ಣು ಕೆತ್ತಲು ಹೇಳಿ ಮಾಡಿಸಿದ ವೇಗ. ರವದಿ ಪುಡಿ ಮಾಡುವ ಮಲ್ಚರಿನ ರೋಟರ್ ಎರಡು ಸಾವಿರದ ಹತ್ತಿರ ತಿರುಗುತ್ತದೆ. ಒಂದರ ಕೆಲಸ ಇನ್ನೊಂದರಿಂದ ಆಗದು. ಬಹುಪಾಲು ಮಲ್ಚರುಗಳಿಗೆ ಮೂವತ್ತೈದು ಎಚ್‌ಪಿಯ ಮೇಲಿನ ಟ್ರ್ಯಾಕ್ಟರೇ ಬೇಕು, ಆದ್ದರಿಂದ ಅದನ್ನು ಬಾಡಿಗೆಗೆ ತರುವುದು ಲೇಸು. ಇಲ್ಲವೇ ರವದಿಯನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹಾಕಿ. ಖಾಲಿಯಾದ ಸಾಲಿನಲ್ಲಿ ನಿಮ್ಮ ಸಣ್ಣ ಗಾಡಿ ಆರಾಮವಾಗಿ ಆಡುತ್ತದೆ, ತುಂಬಿದ ಸಾಲಿನಲ್ಲಿ ತೇವ ಉಳಿಯುತ್ತದೆ, ಕಳೆಯೂ ಏಳುವುದಿಲ್ಲ.

ಗಾಡಿಯ ಕಡೆಯಿಂದ ನೋಡಬೇಕಾದ್ದು ಮುಖ್ಯವಾಗಿ ಎರಡು. ಒಂದು ಕ್ಲಚ್ಚು. ಒಂಟಿ ಕ್ಲಚ್ಚಿನ ಗಾಡಿಯಲ್ಲಿ ಪೆಡಲ್ ತುಳಿದರೆ ಚಕ್ರವೂ ನಿಲ್ಲುತ್ತದೆ, ರೋಟರೂ ನಿಲ್ಲುತ್ತದೆ. ಗಟ್ಟಿ ಹೆಂಟೆಯಲ್ಲಿ ಸಿಕ್ಕಿಕೊಂಡಾಗ ಚಕ್ರ ನಿಂತು ರೋಟರ್ ತಿರುಗುತ್ತಲೇ ಇರಬೇಕು, ಆಗಲೇ ಅದು ತನ್ನ ದಾರಿ ತಾನು ಬಿಡಿಸಿಕೊಳ್ಳುವುದು. ಡ್ಯುಯಲ್ ಕ್ಲಚ್ ಅಥವಾ ಪಿಟಿಒಗೆ ಬೇರೆಯದೇ ಕ್ಲಚ್ ಇರುವ ಗಾಡಿ ಕೆಲವು ಸಾವಿರ ಹೆಚ್ಚಾದರೂ ಕೊಡುವುದು ವ್ಯರ್ಥವಲ್ಲ. ಎರಡು, ಎತ್ತುವ ಶಕ್ತಿ ಮತ್ತು ಮುಂಭಾರ. ಮೂರು ಅಡಿಯ ರೋಟಾವೇಟರ್ ಇನ್ನೂರು ಕೆಜಿಯ ಆಚೀಚೆ ತೂಗುತ್ತದೆ. ಎತ್ತುವುದೇನೋ ಎತ್ತುತ್ತದೆ, ಆದರೆ ಬದು ಏರುವಾಗ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಮುಂದೆ ಕಟ್ಟುವ ಕಬ್ಬಿಣದ ಭಾರವನ್ನು ಗಾಡಿಯ ಜೊತೆಗೇ ಕೇಳಿ ಪಡೆಯಿರಿ. ಜೋಡಣೆಯ ಪಿನ್ನುಗಳ ದಪ್ಪವನ್ನೂ ನೋಡಿ: ಸಣ್ಣ ವರ್ಗದ ಕೆಳತೋಳಿನ ಪಿನ್ನು 22 ಮಿಲಿಮೀಟರ್, ದೊಡ್ಡದು 28. ಸಣ್ಣ ಪಿನ್ನನ್ನು ದೊಡ್ಡ ತೂತಿನಲ್ಲಿ ಸಿಕ್ಕಿಸಿದರೆ ಯಂತ್ರ ಅಲುಗಾಡುತ್ತಲೇ ಇರುತ್ತದೆ.

ಎಲ್ಲರೂ ಅವಸರದಲ್ಲಿ ಮುಗಿಸಿಬಿಡುವ ಕೆಲಸ ಶಾಫ್ಟಿನದು. ಯಂತ್ರದೊಡನೆ ಬರುವ ಶಾಫ್ಟ್ ಸಣ್ಣ ಗಾಡಿಗೆ ಬಹುತೇಕ ಉದ್ದವೇ ಆಗುತ್ತದೆ. ಅದನ್ನು ಎಳೆದು ಎರಡು ಭಾಗ ಬೇರೆ ಮಾಡಿ. ಒಂದನ್ನು ಗಾಡಿಯ ಪಿಟಿಒಗೆ, ಇನ್ನೊಂದನ್ನು ಯಂತ್ರದ ಗೇರ್ ಬಾಕ್ಸಿಗೆ ಹಾಕಿ ಎರಡನ್ನೂ ಅಕ್ಕಪಕ್ಕ ಹಿಡಿಯಿರಿ. ಎಂಜಿನ್ ನಿಲ್ಲಿಸಿ, ಗಾಡಿಗೂ ಯಂತ್ರಕ್ಕೂ ನಡುವಿನ ದೂರ ಅತಿ ಕಡಿಮೆಯಾಗುವ ಎತ್ತರದಲ್ಲಿ ಯಂತ್ರಕ್ಕೆ ಕೆಳಗಿನಿಂದ ಗಟ್ಟಿಯಾಗಿ ಆನಿಕೆ ಕೊಟ್ಟು ನಿಲ್ಲಿಸಿರಬೇಕು. ಆ ಸ್ಥಿತಿಯಲ್ಲಿ ಕೊಳವೆ ತಳ ಮುಟ್ಟದೆ ಇಂಚಿನಷ್ಟಾದರೂ ಸಂದು ಇರುವಂತೆ ಗುರುತು ಹಾಕಿ, ಎರಡೂ ಭಾಗದಿಂದ ಸಮ ಸಮ ಕತ್ತರಿಸಿ. ಮೇಲಿನ ಪ್ಲಾಸ್ಟಿಕ್ ಕವಚವನ್ನೂ ಅಷ್ಟೇ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ಗ್ರೀಸ್ ಹಚ್ಚಿ. ಅತಿ ಉದ್ದಕ್ಕೆ ಎಳೆದಾಗಲೂ ಒಂದರೊಳಗೊಂದು ಮೂರನೆಯ ಒಂದು ಭಾಗವಾದರೂ ಸೇರಿರಬೇಕು. ಕತ್ತರಿಸದೆ ಹಾಗೇ ಜೋಡಿಸಿದವರ ಗಾಡಿಯಲ್ಲಿ ಯಂತ್ರ ಎತ್ತಿದ ಕೂಡಲೇ ಶಾಫ್ಟ್ ತಳ ಮುಟ್ಟಿ ಪಿಟಿಒ ಬೇರಿಂಗನ್ನೇ ಒಳಕ್ಕೆ ದೂಡುತ್ತದೆ. ಆ ರಿಪೇರಿಗೆ ಗಾಡಿಯ ಹಿಂಭಾಗವನ್ನೇ ಬಿಚ್ಚಬೇಕು.

ಶಾಫ್ಟಿನಲ್ಲಿ ಒಂದು ಸಣ್ಣ ಬೋಲ್ಟು ಇರುತ್ತದೆ, ಕಲ್ಲು ಸಿಕ್ಕಾಗ ತಾನು ಮುರಿದು ಗೇರ್ ಬಾಕ್ಸ್ ಉಳಿಸುವುದಕ್ಕೆ. ಪದೇ ಪದೇ ಮುರಿಯುತ್ತದೆಂದು ಸಿಟ್ಟಿಗೆದ್ದು ಗಟ್ಟಿ ಉಕ್ಕಿನ ಬೋಲ್ಟು ಹಾಕಿಸುವವರಿದ್ದಾರೆ. ಆಮೇಲೆ ಮುರಿಯುವುದು ಗೇರು. ಮೊದಲಿನ ದರ್ಜೆಯ ಬೋಲ್ಟುಗಳನ್ನೇ ನಾಲ್ಕಾರು ತಂದು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ಕವಚದ ಬಗ್ಗೆ ಒಂದು ಮಾತು ಬಿಡಿಸಿಯೇ ಹೇಳಬೇಕು. ನಿಮಿಷಕ್ಕೆ 540 ಎಂದರೆ ಕ್ಷಣಕ್ಕೆ ಒಂಬತ್ತು ಸುತ್ತು. ಧೋತರದ ಚುಂಗೋ, ಸೀರೆಯ ಸೆರಗೋ, ಹೆಗಲ ಮೇಲಿನ ಟವೆಲ್ಲೋ ಸಿಕ್ಕಿದರೆ ಮನುಷ್ಯ ಕೂಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ರವದಿ ಸುತ್ತಿಕೊಂಡಿತೆಂದು ಗಾಡಿ ಚಾಲೂ ಇಟ್ಟೇ ಕುಡುಗೋಲು ಹಿಡಿದು ಕೆಳಗಿಳಿಯುವುದು ನಮ್ಮಲ್ಲಿ ಸಾಮಾನ್ಯ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೇ ಇಳಿಯಿರಿ. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಳ್ಳುವುದು ಬೇಡವೇ ಬೇಡ.

ಕೊಳ್ಳುವ ಮುಂಚೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸಹಾಯಧನ ಈ ಸಾಲಿನಲ್ಲಿ ಯಾವ ಮಾದರಿಗೆ ಇದೆ ಎಂದು ಕೇಳಿ. ಪಟ್ಟಿಯಲ್ಲಿಲ್ಲದ ಮಾದರಿ ಕೊಂಡಾದ ಮೇಲೆ ಅರ್ಜಿ ಕೊಟ್ಟರೆ ನಡೆಯುವುದಿಲ್ಲ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ನಿಮ್ಮ ಅಳತೆಯದು ಸಿಕ್ಕರೆ ಒಂದು ದಿನದ ಬಾಡಿಗೆಗೆ ತಂದು ನಿಮ್ಮದೇ ಸಾಲಿನಲ್ಲಿ ಆಡಿಸಿ ನೋಡಿ. ಹಾಗೆ ಆಡಿಸುವಾಗ ಅತಿ ಸಣ್ಣ ಗೇರಿನಲ್ಲಿ ಹಾಕಿ, ಎಂಜಿನ್ನಿನ ಸದ್ದು ಕೇಳುತ್ತ ಹೋಗಿ. ಸದ್ದು ಕುಗ್ಗಿ ಹೊಗೆ ಕಪ್ಪಗಾದರೆ ಯಂತ್ರ ಅಗಲವಾಯಿತು, ಇಲ್ಲವೇ ಆಳ ಹೆಚ್ಚಾಯಿತು. ಮೊದಲು ಆಳ ತಗ್ಗಿಸಿ ನೋಡಿ. ಅದಕ್ಕೂ ಸದ್ದು ಮೇಲೇಳದಿದ್ದರೆ ಅರ್ಧ ಅಡಿ ಕಡಿಮೆಯದನ್ನು ಕೊಳ್ಳಿ.