ಹೊಸ ಸೆನ್ಸರ್ ಹಾಕಿದರೂ ಚೆಕ್ ಲೈಟ್ ಆರುತ್ತಿಲ್ಲ, ಏಕೆ?

ಪ್ರಶ್ನೆ: ನಮ್ಮದು 2014ರ ಡೀಸೆಲ್ ಕಾರು. ಮಳೆಗಾಲ ಶುರುವಾದಾಗಿನಿಂದ ಓಡುತ್ತಿರುವಾಗಲೇ ಒಮ್ಮೊಮ್ಮೆ ಆಫ್ ಆಗುತ್ತದೆ, ಚೆಕ್ ಲೈಟ್ ಹೊತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನರ್ ಹಾಕಿದಾಗ ರೈಲ್ ಪ್ರೆಶರ್ ಸೆನ್ಸರ್, ಪಿ 0193 ಎಂದು ಬಂತು. ಹೊಸ ಸೆನ್ಸರ್ ಹಾಕಿಸಿದೆವು. ಮುಂದಿನ ಜೋರು ಮಳೆಗೆ ಮತ್ತೆ ಅದೇ ಕಥೆ. ಈಗ ಇಸಿಎಂ ಹೋಗಿದೆ, ಬದಲಿಸಬೇಕು ಎನ್ನುತ್ತಿದ್ದಾರೆ. ಕಂಪ್ಯೂಟರೇ ಹೇಳಿದ ಭಾಗವನ್ನು ಬದಲಿಸಿದ ಮೇಲೂ ದೋಷ ಉಳಿಯುವುದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇಸಿಎಂಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಮುಂಗಡ ಕೊಟ್ಟಿರದಿದ್ದರೆ ಸದ್ಯ ಕೊಡಬೇಡಿ. ಮಳೆ ಬಂದಾಗ ಕಾಣಿಸಿಕೊಳ್ಳುವುದು, ತಾನಾಗಿಯೇ ಸರಿಹೋಗುವುದು, ಹೊಸ ಭಾಗ ಹಾಕಿದರೂ ಮರಳುವುದು, ಈ ಮೂರೂ ಸೇರಿದರೆ ಮೊದಲು ಅನುಮಾನಿಸಬೇಕಾದ್ದು ವೈರಿಂಗನ್ನು ಮತ್ತು ಕಪ್ಲರುಗಳನ್ನು.

ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಕಂಪ್ಯೂಟರ್ ‘ಸೆನ್ಸರ್ ಕೆಟ್ಟಿದೆ’ ಎಂದು ಹೇಳಿಯೇ ಇಲ್ಲ. ಅದಕ್ಕೆ ಸೆನ್ಸರ್ ಕಾಣುವುದಿಲ್ಲ. ಗೊತ್ತಾಗುವುದು ವೈರಿನಲ್ಲಿ ಬರುವ ವೋಲ್ಟೇಜ್ ಒಂದೇ. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲಿನ ಒತ್ತಡ ಅಳೆಯುವ ಈ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ. ಒಂದರಲ್ಲಿ ಇಸಿಎಂ 5 ವೋಲ್ಟ್ ಕಳಿಸುತ್ತದೆ, ಇನ್ನೊಂದು ಅರ್ಥಿಂಗ್, ಮೂರನೆಯದು ಸಿಗ್ನಲ್. ರೈಲಿನಲ್ಲಿ ಒತ್ತಡವೇ ಇಲ್ಲದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್ ಇರುತ್ತದೆ. ಒತ್ತಡ ಏರಿದಂತೆ ಅದೂ ಏರಿ, ಗರಿಷ್ಠ ಎಂದರೆ ನಾಲ್ಕೂವರೆಯ ಆಸುಪಾಸಿಗೆ ಬರುತ್ತದೆ. ಆ ಗಡಿ ದಾಟಿ ಕೆಳಗಿಳಿದರೆ ಪಿ 0192, ಮೇಲೇರಿದರೆ ಪಿ 0193. ಗಡಿ ದಾಟಲು ಕಾರಣ ಸೆನ್ಸರೂ ಆಗಿರಬಹುದು, ಇಲಿ ಕಡಿದ ವೈರೂ ಆಗಿರಬಹುದು, ಕಿಲುಬು ಹಿಡಿದ ಪಿನ್ನೂ ಆಗಿರಬಹುದು. ಇಸಿಎಂಗೆ ಎಲ್ಲವೂ ಒಂದೇ.

ಪಿ 0087 ಎಂಬ ಕೋಡ್ ಬಂದಿದ್ದರೆ ಮಾತೇ ಬೇರೆಯಿತ್ತು. ರೈಲಿನಲ್ಲಿ ಒತ್ತಡ ಸಾಲುತ್ತಿಲ್ಲ ಎಂದು ಅದರ ತಾತ್ಪರ್ಯ. ಆಗ ನೋಡಬೇಕಾದ್ದು ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಗಾಳಿ ಎಳೆಯುವ ಪೈಪು, ಹೆಚ್ಚು ರಿಟರ್ನ್ ಬಿಡುವ ಇಂಜೆಕ್ಟರ್. ಈ ಎರಡು ಬಗೆಯ ಕೋಡುಗಳನ್ನು ಒಂದೇ ಎಂದುಕೊಂಡು ಸೆನ್ಸರ್ ಬದಲಿಸುವುದು ಗ್ಯಾರೇಜುಗಳಲ್ಲಿ ದಿನವೂ ನಡೆಯುತ್ತದೆ.

ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪುಗಳಿದ್ದ ಹಳೆಯ ಜೀಪು, ಲಾರಿಗಳಲ್ಲಿ ಈ ರಗಳೆ ಇರಲಿಲ್ಲ. ಅಲ್ಲಿ ಡೀಸೆಲ್ ಅಳೆಯುವ ಕೆಲಸವೆಲ್ಲ ಪಂಪಿನ ಒಳಗಿನ ಸ್ಪ್ರಿಂಗು, ತೂಕಗಳದ್ದು. 1997ರಲ್ಲಿ ಆಲ್ಫಾ ರೋಮಿಯೋ 156ರೊಂದಿಗೆ ಕಾಮನ್ ರೈಲ್ ಕಾರುಗಳಿಗೆ ಬಂದ ಮೇಲೆ ಯಾವಾಗ, ಎಷ್ಟು ಡೀಸೆಲ್ ಸಿಡಿಸಬೇಕೆಂಬ ತೀರ್ಮಾನ ಇಸಿಎಂ ಕೈಗೆ ಹೋಯಿತು. ಹೀಗಾಗಿ ಒಂದು ಪಿನ್ ಸಡಿಲವಾದರೂ ಗಾಡಿ ನಿಂತೀತು.

ಇನ್ನು ಪರೀಕ್ಷೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪನ್ನು ಇಸಿಎಂ ವೈರುಗಳ ಹತ್ತಿರ ತರಬೇಡಿ. ಅದು ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಡಬಹುದು. ಎಂಜಿನ್ ಆಫ್ ಇರಲಿ. ಸೆನ್ಸರಿನ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ. ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದು, ಕೆಂಪು ತುದಿಯಿಂದ 5 ವೋಲ್ಟ್ ಬರುವ ಪಿನ್ ಹುಡುಕಿ. ಸಿಕ್ಕ ಮೇಲೆ ಕೆಂಪನ್ನು ಅಲ್ಲೇ ಇಟ್ಟು, ಕಪ್ಪನ್ನು ಬ್ಯಾಟರಿಯಿಂದ ತೆಗೆದು ಕಪ್ಲರಿನದೇ ಅರ್ಥಿಂಗ್ ಪಿನ್ನಿಗೆ ತನ್ನಿ. ಆಗಲೂ 5 ವೋಲ್ಟೇ ಬರಬೇಕು. ಬ್ಯಾಟರಿಗೆ ಹಿಡಿದಾಗ 5 ಇದ್ದದ್ದು ಇಲ್ಲಿ ಮೂರೋ ಎರಡೋ ಆದರೆ, ಅಥವಾ ಕುಣಿಯುತ್ತಿದ್ದರೆ ದೋಷ ಅರ್ಥಿಂಗ್ ವೈರಿನಲ್ಲಿದೆ. ಅರ್ಥಿಂಗ್ ಕೈಕೊಟ್ಟರೆ ಹೆಚ್ಚಿನ ಮೂರು ವೈರಿನ ಸೆನ್ಸರುಗಳಲ್ಲಿ ಸಿಗ್ನಲ್ ಮೇಲಕ್ಕೇ ಏರುತ್ತದೆ. ನಿಮಗೆ ಬಂದ ಪಿ 0193 ಅದಕ್ಕೆ ಸರಿಯಾಗಿ ಹೊಂದುತ್ತದೆ.

ಮೂರನೆಯ ಪಿನ್ನು ಸಿಗ್ನಲಿನದು. ಕಪ್ಲರ್ ಬಿಚ್ಚಿದಾಗ ಹಲವು ಕಾರುಗಳಲ್ಲಿ ಇದು 5ರ ಹತ್ತಿರ ನಿಲ್ಲುತ್ತದೆ, ಕೆಲವು ಕಾರುಗಳಲ್ಲಿ ಸೊನ್ನೆ. 5ರ ಹತ್ತಿರ ಇದ್ದರೆ ಅದನ್ನು ತೆಳುವಾದ ವೈರಿನಿಂದ ಅರ್ಥಿಂಗ್ ಪಿನ್ನಿಗೆ ತಾಗಿಸಿ, ಸ್ಕ್ಯಾನರಿನ ಲೈವ್ ಡೇಟಾ ನೋಡಿ. ತೋರಿಸುವ ವೋಲ್ಟೇಜ್ ತಕ್ಷಣ ಸೊನ್ನೆಗೆ ಇಳಿದರೆ ಆ ಗಳಿಗೆಯಲ್ಲಿ ಸಿಗ್ನಲ್ ವೈರೂ ಇಸಿಎಂ ಕೂಡ ಸರಿಯಾಗಿಯೇ ಕೆಲಸ ಮಾಡುತ್ತಿವೆ. ಇಷ್ಟನ್ನು ಮಾಡದೆ ಇಸಿಎಂ ಹೋಗಿದೆ ಎನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಮೀಟರಿನ ದಪ್ಪ ತುದಿಯನ್ನು ಪಿನ್ನಿನ ತೂತಿಗೆ ತುರುಕಬೇಡಿ. ಒಳಗಿನ ತೆಳು ಹಿತ್ತಾಳೆ ನಾಲಗೆ ಅಗಲಗೊಂಡು ಕಪ್ಲರ್ ಹಿಡಿತ ಬಿಡುತ್ತದೆ, ಇಲ್ಲದ ದೋಷ ಹೊಸದಾಗಿ ಹುಟ್ಟುತ್ತದೆ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಿ ಅಳೆಯುವ ಅಭ್ಯಾಸವೂ ಕೆಟ್ಟದ್ದು. ನಿಮ್ಮ ಕಡೆಯ ಮಳೆಗೆ ಆ ಸಣ್ಣ ತೂತಿನಿಂದ ನೀರಿಳಿದು ತಾಮ್ರದ ಎಳೆಗಳು ಹಸಿರಾಗಿ ಪುಡಿಯಾಗಲು ಒಂದೆರಡು ಮಳೆಗಾಲ ಸಾಕು.

ಈ ಅಳತೆಗಳೆಲ್ಲ ಸರಿ ಬಂದರೆ ದೋಷ ಆ ಹೊತ್ತಿಗೆ ಅಡಗಿ ಕೂತಿದೆ ಎಂದೇ ಲೆಕ್ಕ. ಅದನ್ನು ಹೊರಗೆಳೆಯಬೇಕು. ಕಪ್ಲರ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ. ಐಡಲಿನಲ್ಲಿ ರೈಲ್ ಪ್ರೆಶರ್ ಸಾಮಾನ್ಯವಾಗಿ 250ರಿಂದ 350 ಬಾರ್ ಒಳಗೆ ನಿಂತಿರುತ್ತದೆ. ಒಬ್ಬರು ಲೈವ್ ಡೇಟಾ ನೋಡುತ್ತಿರಲಿ, ಇನ್ನೊಬ್ಬರು ಫ್ಯಾನು ಬೆಲ್ಟುಗಳಿಂದ ಕೈ ದೂರವಿಟ್ಟು ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋಗಲಿ. ಬ್ಯಾಟರಿ ತಟ್ಟೆಯ ಕೆಳಗೆ, ಕ್ಲಾಂಪ್ ಹಾಕಿದ ತಿರುವುಗಳಲ್ಲಿ, ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಬಿಸಿ ಇಜಿಆರ್ ಪೈಪಿನ ಪಕ್ಕದಲ್ಲಿ ನಿಧಾನಿಸಲಿ. ಅಂಕಿ ಹಾರಿದ ಜಾಗದಲ್ಲೇ ದೋಷ. ಅಲುಗಿಸಿದರೂ ಹಾರದಿದ್ದರೆ ಕೈಪಂಪಿನ ಸ್ಪ್ರೇಯರಿನಿಂದ ಒಂದೊಂದೇ ಕಪ್ಲರಿಗೆ ನೀರಿನ ತುಂತುರು ಹಾಕಿ ನೋಡಿ. ಮಳೆ ಮಾಡುತ್ತಿರುವ ಕೆಲಸವನ್ನೇ ಬೇಕೆಂದು ಮಾಡಿಸಿದ ಹಾಗೆ. ಸರ್ವೀಸ್ ಸ್ಟೇಷನ್ನಿನ ಪ್ರೆಶರ್ ಗನ್ ಮಾತ್ರ ಬೇಡ.

ಒಂದೇ ಸಲಕ್ಕೆ ನಾಲ್ಕೈದು ಸೆನ್ಸರುಗಳ ಕೋಡ್ ಬಂದರೆ ಗಾಬರಿ ಬೀಳಬೇಡಿ. ಹಲವು ಸೆನ್ಸರುಗಳಿಗೆ 5 ವೋಲ್ಟ್ ಒಂದೇ ಮೂಲದಿಂದ ಹಂಚಿಕೆಯಾಗುತ್ತದೆ. ಒಂದು ಮನೆಯ ಶಾರ್ಟಿನಿಂದ ಇಡೀ ಬೀದಿಯ ಕರೆಂಟು ಹೋಗುವಂತೆ ಒಂದು ಸೆನ್ಸರ್ ಶಾರ್ಟ್ ಆದರೆ ಉಳಿದವೂ ಕುರುಡಾಗುತ್ತವೆ. ಮೀಟರ್ ಹಿಡಿದಿಟ್ಟು ಒಂದೊಂದಾಗಿ ಕಪ್ಲರ್ ಬಿಚ್ಚುತ್ತ ಹೋದರೆ ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಅಪರಾಧಿ.

ಸೆನ್ಸರುಗಳು ನಿಜ ಹೇಳುತ್ತಿವೆಯೇ ಎಂದು ತಿಳಿಯಲು ನನಗೆ ಇಷ್ಟವಾದ ಪರೀಕ್ಷೆ ಬೆಳಗ್ಗೆ ಸೆಲ್ಫ್ ಹೊಡೆಯುವ ಮುಂಚಿನದು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಕೂಲೆಂಟ್, ಎಂಜಿನ್ ಎಳೆದುಕೊಳ್ಳುವ ಗಾಳಿ, ಡೀಸೆಲ್ ಇವುಗಳ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ಇರಬೇಕು. ಮೂರರಲ್ಲಿ ಒಂದು ಮೈನಸ್ 40 ಡಿಗ್ರಿ ತೋರಿಸಿದರೆ ಆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ. ಟರ್ಬೊ ಬೂಸ್ಟ್ ಸೆನ್ಸರ್ ಆಗ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಇದಕ್ಕೆಲ್ಲ ದುಬಾರಿ ಸ್ಕ್ಯಾನರ್ ಬೇಡ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್, ಮೊಬೈಲಿನಲ್ಲಿ ಒಂದು ಆ್ಯಪ್ ಇದ್ದರೆ ಬಹುಪಾಲು ಅಂಕಿಗಳು ಸಿಗುತ್ತವೆ.

ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನೂ ಮರೆಯಬೇಡಿ. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಕಾಲು ವೋಲ್ಟಿಗಿಂತ ಹೆಚ್ಚು ಬಂದರೆ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು ಬಿಗಿಮಾಡಿಸಿ. ಓಮ್ಸ್‌ನಲ್ಲಿ ಅಳೆದು ಸರಿ ಇದೆ ಎಂದರೆ ಒಪ್ಪಬೇಡಿ. ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಓಮ್ಸ್ ಚೆನ್ನಾಗಿಯೇ ಕಾಣುತ್ತದೆ, ಕರೆಂಟು ಎಳೆದಾಗಲೇ ಬಣ್ಣ ಬಯಲಾಗುವುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪನ್ನು ಸಡಿಲಿಸುವ ಹಳೆಯ ಕ್ರಮ ಕಾಮನ್ ರೈಲಿನಲ್ಲಿ ಪ್ರಾಣಕ್ಕೇ ಅಪಾಯ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ. ಇಂಜೆಕ್ಟರ್ ವೈರುಗಳಲ್ಲಿಯೂ 12 ವೋಲ್ಟಿಗಿಂತ ಬಹಳ ಹೆಚ್ಚು ಇರುತ್ತದೆ, ಮುಟ್ಟಬೇಡಿ.

ತುಂಡಾದ ಜಾಗ ಸಿಕ್ಕಿದರೆ ಬರೀ ತಿರುಚಿ ಟೇಪ್ ಸುತ್ತಿಸಿಕೊಂಡು ಬರಬೇಡಿ. ಅಷ್ಟೇ ದಪ್ಪದ ವೈರ್ ಸೇರಿಸಿ, ಬೆಸುಗೆ ಹಾಕಿಸಿ, ಅಂಟು ಇರುವ ಹೀಟ್ ಶ್ರಿಂಕ್ ತೋಳು ಏರಿಸಿ, ಅಲುಗದಂತೆ ಕಟ್ಟಿಸಿ. ಹಲ್ಲಿನ ಗುರುತು ಕಂಡರೆ ಗಾಡಿ ನಿಲ್ಲಿಸುವ ಜಾಗವನ್ನೂ ಬದಲಿಸಿ. ಅಡಿಕೆ ಸಿಪ್ಪೆ, ಹುಲ್ಲು ರಾಶಿ ಹಾಕಿದ ಕೊಟ್ಟಿಗೆ ಇಲಿಗಳ ಮನೆ.

ಇಸಿಎಂ ಬದಲಿಸುವುದೆಂದರೆ ಪೆಟ್ಟಿಗೆ ಬದಲಿಸಿದಷ್ಟಕ್ಕೆ ಮುಗಿಯುವುದಿಲ್ಲ. ಇಮೊಬಿಲೈಜರ್ ಕೀಲಿಯನ್ನು ಹೊಸದಕ್ಕೆ ಹೊಂದಿಸಬೇಕು, ಹಲವು ಎಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಕೋಡನ್ನೂ ಬರೆಯಬೇಕು. ಆದ್ದರಿಂದ ಗ್ಯಾರೇಜಿನಲ್ಲಿ ಮೂರು ಅಂಕಿಗಳನ್ನು ಕೇಳಿ: ಸೆನ್ಸರ್ ಕಪ್ಲರಿಗೆ ಬಂದ 5 ವೋಲ್ಟ್ ಎಷ್ಟು, ಅದೇ ಕಪ್ಲರಿನ ಅರ್ಥಿಂಗಿಗೆ ಹಿಡಿದಾಗ ಎಷ್ಟು, ಎಂಜಿನ್ ಆಫ್ ಇದ್ದಾಗ ಸಿಗ್ನಲ್ ಎಷ್ಟು. ಕೋಡ್ ಅಳಿಸುವ ಮುಂಚೆ ಅದನ್ನೂ, ದೋಷ ಬಂದ ಗಳಿಗೆಯ ಅಂಕಿಗಳಿರುವ ಫ್ರೀಜ್ ಫ್ರೇಮಿನ ವಿವರವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆ ಮೂರು ಅಂಕಿಗಳನ್ನು ಜಾಬ್ ಕಾರ್ಡಿನ ಮೇಲೆ ಬರೆದುಕೊಡುವವರೆಗೆ ಇಸಿಎಂ ಬದಲಿಸಲು ಒಪ್ಪಬೇಡಿ.