ರೋಹನ್ ಬೋಪಣ್ಣ: ಆರಂಭದ ವರ್ಷಗಳ ಲೆಕ್ಕ

ಭಟ್ಕಳದಿಂದ ಹೊನ್ನಾವರ, ಕುಮಟಾದವರೆಗೆ ಸಂಜೆಯ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವುದು ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಟೆನಿಸ್ ನಮ್ಮಲ್ಲಿ ಹೆಚ್ಚಿನವರಿಗೆ ಮೊಬೈಲಿನಲ್ಲಿ ನೋಡುವ ಆಟ. ಆದರೆ ವಾಣಿಜ್ಯ ವಿಭಾಗದವನಾದ ನನಗೆ ಈ ಆಟದಲ್ಲಿ ಒಂದು ಪ್ರಶ್ನೆ ಕಂಡಿತು: ಬೆಳೆಯುತ್ತಿರುವ ಕಿರಿಯ ಆಟಗಾರನ ಮೇಲೆ ಮನೆಯವರು ಮಾಡುವ ಖರ್ಚನ್ನು ಯಾವ ಖಾತೆಗೆ ಬರೆಯಬೇಕು? ನಮ್ಮ ರಾಜ್ಯದ ರೋಹನ್ ಬೋಪಣ್ಣ ಅವರ ಆರಂಭದ ವರ್ಷಗಳಲ್ಲಿ ಇದಕ್ಕೆ ಉತ್ತರವಿದೆ.

ಮೊದಲು ಕಿರಿಯರ ಟೆನಿಸ್ ಇಂದು ಹೇಗೆ ನಡೆಯುತ್ತದೆ ಎಂದು ತಿಳಿಯೋಣ. ಅಂತಾರಾಷ್ಟ್ರೀಯ ಟೆನಿಸ್ ಒಕ್ಕೂಟದ ಕಿರಿಯರ ಟೂರ್ನಿಗಳಲ್ಲಿ 13ರಿಂದ 18 ವರ್ಷದವರು ಆಡುತ್ತಾರೆ. ಜೆ30 ಎಂಬ ಕೆಳಹಂತದ ಟೂರ್ನಿಯ ಸಿಂಗಲ್ಸ್ ಗೆದ್ದರೆ 30 ಅಂಕ, ಜೆ500 ಗೆದ್ದರೆ 500 ಅಂಕ, ಕಿರಿಯರ ಗ್ರ್ಯಾಂಡ್ ಸ್ಲಾಂ ಗೆದ್ದರೆ 1000 ಅಂಕ. ಬಹುಮಾನದ ಹಣ ಇಲ್ಲ. ಗೆದ್ದ ಅಂಕ ಉಳಿಯುವುದು 52 ವಾರ ಮಾತ್ರ. ಅಂದರೆ ಕುಟುಂಬಕ್ಕೆ ಪ್ರಯಾಣ, ತರಬೇತಿ, ರ‍್ಯಾಕೆಟ್ ಎಂದು ಖರ್ಚು ಇದೆ, ಆದಾಯ ಇಲ್ಲ. ಗಳಿಸಿದ ಅಂಕಗಳೂ ವರ್ಷದೊಳಗೆ ಸವಕಳಿಯಾಗಿ ಸೊನ್ನೆಗೆ ಬರುತ್ತವೆ. ಆ ವರ್ಷದ ಲಾಭ-ನಷ್ಟ ಖಾತೆ ಬರೆದರೆ ಸಿಗುವುದು ನಷ್ಟವೇ.

ಈಗ ಬೋಪಣ್ಣ ಅವರ ವಿಷಯಕ್ಕೆ ಬರೋಣ. 1980ರ ಮಾರ್ಚ್ 4ರಂದು ಹುಟ್ಟಿದ ಅವರು ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಕೊಡಗು ಹಾಕಿಗೆ ಹೆಸರಾದ ನಾಡು. ಅಲ್ಲಿ ಬೋಪಣ್ಣ 11ನೇ ವಯಸ್ಸಿನಲ್ಲಿ ಟೆನಿಸ್ ಹಿಡಿದರು. ಸರ್ವ್‌ಗೆ ಬಲ ಬರಲೆಂದು ಸೌದೆ ಸೀಳಿದ್ದನ್ನೂ, ಉಸಿರು ಗಟ್ಟಿಯಾಗಲೆಂದು ಕಾಫಿ ತೋಟಗಳಲ್ಲಿ ಓಡಿದ್ದನ್ನೂ, ಬಿರುಕುಬಿಟ್ಟ ಅಂಕಣಗಳಲ್ಲಿ ಆಡಿದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. ಹದಿಹರೆಯದಲ್ಲೇ ಮನೆ ಬಿಟ್ಟು ಪುಣೆಗೆ ಹೋಗಿ ನಂದನ್ ಬಾಳ್ ಅವರ ಬಳಿ ತರಬೇತಿ ಪಡೆದರು.

ಫಲ ಬೇಗ ಬರಲಿಲ್ಲ. ಕಿರಿಯರ ಗ್ರ್ಯಾಂಡ್ ಸ್ಲಾಂ ಪ್ರಶಸ್ತಿ ಅವರ ಹೆಸರಿನಲ್ಲಿಲ್ಲ. ಡೇವಿಸ್ ಕಪ್‌ನಲ್ಲಿ ಭಾರತಕ್ಕೆ ಆಡಿದ್ದು 2002ರಲ್ಲಿ. ಮೊದಲ ಎಟಿಪಿ ಡಬಲ್ಸ್ ಪ್ರಶಸ್ತಿ 2008ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಶಿ ಅವರ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿ ಸೋತರು. ಮೊದಲ ಗ್ರ್ಯಾಂಡ್ ಸ್ಲಾಂ, 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, ಕೈಗೆ ಬರುವಾಗ ಅವರಿಗೆ 37 ವರ್ಷ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೂ ಏರಿದರು.

ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಾನಿಯಾ ಮಿರ್ಜಾ ಅವರದು ಬೇರೆ ದಾರಿ. ಹೈದರಾಬಾದಿನಲ್ಲಿ ಬೆಳೆದ ಅವರು 2003ರಲ್ಲಿ, 16ನೇ ವಯಸ್ಸಿನಲ್ಲೇ, ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು. 2005ರಲ್ಲಿ ತಮ್ಮ ಊರಿನಲ್ಲೇ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದರು. ಸಾನಿಯಾಗೆ 14 ವರ್ಷವಿದ್ದಾಗ ಅವರ ಮೊದಲ ಮಿಶ್ರ ಡಬಲ್ಸ್ ಜೊತೆಗಾರ ಇದೇ ಬೋಪಣ್ಣ. ಆಗ ಇಬ್ಬರೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದರು. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್ ಸ್ಲಾಂ ಆಡಿದಾಗ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಜೊತೆಗಿದ್ದವರೂ ಅವರೇ. ಒಬ್ಬರಿಗೆ ಫಲ ಬೇಗ ಬಂತು, ಇನ್ನೊಬ್ಬರಿಗೆ ತಡವಾಗಿ.

ಲೆಕ್ಕಶಾಸ್ತ್ರದಲ್ಲಿ ನಾವು ಓದುವ ಬಂಡವಾಳ ವೆಚ್ಚ ಎಂದರೆ ಇದೇ. ಅಂಗಡಿಗೆ ಕೊಂಡ ತಕ್ಕಡಿಯ ಪೂರ್ತಿ ಬೆಲೆಯನ್ನು ಒಂದೇ ವರ್ಷದ ಲಾಭದಿಂದ ಯಾರೂ ಕಳೆಯುವುದಿಲ್ಲ. ಅದು ಹಲವು ವರ್ಷ ದುಡಿಯುತ್ತದೆ, ಅಢಾವೆ ಪತ್ರಿಕೆಯಲ್ಲಿ ಆಸ್ತಿಯಾಗಿ ಕೂರುತ್ತದೆ. ಬೋಪಣ್ಣ ಅವರ ಸರ್ವ್ ಕೂಡ ಹಾಗೆಯೇ. ಕಾಫಿ ತೋಟದಲ್ಲಿ ಶುರುವಾದ ಆ ಆಸ್ತಿ ಮೂವತ್ತು ವರ್ಷ ದುಡಿಯಿತು.

ಹಾಗೆಂದು ಎಲ್ಲ ಖರ್ಚೂ ಬಂಡವಾಳವಲ್ಲ. ಕಿರಿಯರಾಗಿ ಆಡಿದ ಬಹುಪಾಲು ಮಂದಿ ವೃತ್ತಿಪರ ಆಟಗಾರರಾಗುವುದಿಲ್ಲ ಎಂಬುದೂ ನಿಜ. ಅದಕ್ಕೇ ಕೇಳಬೇಕಾದ ಪ್ರಶ್ನೆ ಬೇರೆ. ತಾಲೂಕು ಮಟ್ಟದಲ್ಲಿ ಸೋತು ಬಂದ ನಮ್ಮ ಸಹಪಾಠಿಗೂ, ಸಿ.ಎ. ಪರೀಕ್ಷೆಗೆ ಈಗಲೇ ಓದುತ್ತಿರುವ ಗೆಳತಿಗೂ ಮನೆಯಲ್ಲಿ ಕೇಳುವುದು "ಈ ವರ್ಷ ಏನು ಸಿಕ್ಕಿತು?" ಎಂದು. "ವರ್ಷದ ಆರಂಭದಲ್ಲಿ ಇರದಿದ್ದ ಯಾವುದು ಈಗ ನಿನ್ನಲ್ಲಿ ಉಳಿದಿದೆ?" ಎಂದು ಕೇಳಿದರೆ ಲೆಕ್ಕ ಸರಿಯಾಗುತ್ತದೆ. ಉತ್ತರ ಇದ್ದರೆ ಖರ್ಚು ಮುಂದುವರಿಸಬಹುದು. ಇಲ್ಲದಿದ್ದರೆ ದಾರಿ ಬದಲಿಸಬೇಕು. ಅದೂ ಒಳ್ಳೆಯ ಲೆಕ್ಕವೇ.